ಹಣ್ಣಿನ ಹುಳಕ್ಕೊಂದು ಯಮ

ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಕಾಟುಮಾವು ಉದುರುವ ಹೊತ್ತಿಗೆ ಹಣ್ಣುನೊಣದ ಹಾವಳಿಯೂ ಜೋರು. ಮಾವು, ಪೇರಳೆಗೆ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಕಾಟ. ಹಾಗಲ, ಹೀರೆಗೆ ಅದರ ನಂಟ ಝ್ಯೂಗೊಡಾಕಸ್ ಕುಕರ್ಬಿಟೇ.

ಇವುಗಳನ್ನು ಒಳಗಿನಿಂದಲೇ ತಿಂದು ಮುಗಿಸುವ ಪುಟ್ಟ ಕಣಜಗಳಿವೆ, ಬ್ರಾಕೊನಿಡೇ ಕುಟುಂಬದವು. ಫೋಪಿಯಸ್ ಅರಿಸಾನಸ್ ನೊಣದ ಮೊಟ್ಟೆಯೊಳಗೇ ಮೊಟ್ಟೆಯಿಡುತ್ತದೆ. ಡಯಾಕಸ್ಮಿಮಾರ್ಫ ಲಾಂಗಿಕಾಡೇಟಾ ಮೊಟ್ಟೆಯಿಡುವ, ಮೈಗಿಂತ ಉದ್ದದ ಸೂಜಿಯನ್ನು ಹಣ್ಣಿಗೆ ಚುಚ್ಚಿ ಒಳಗಿನ ಹುಳವನ್ನು ಮುಟ್ಟುತ್ತದೆ. ಎರಡೂ ಹೊರಬರುವುದು ಮಾತ್ರ ನೊಣದ ಕೋಶದಿಂದ, ಕೋಶಕ್ಕೊಂದರಂತೆ. ಹಾಗಲದ ನೊಣದ ಶತ್ರು ಸಿಟಾಲಿಯಾ ಫ್ಲೆಚೆರಿಯಂತೂ 1916ರಲ್ಲೇ ಭಾರತದಿಂದ ಹವಾಯಿಗೆ ಹೋಗಿ ಕೆಲಸಕ್ಕಿಳಿದಿತ್ತು!

ಈ ಕಣಜಗಳ ಗುರುತು ಹಿಡಿಯುವುದೇ ತಲೆನೋವು. ಕೊಳೆತ ಹಣ್ಣನ್ನು ಮರಳಿನ ಮೇಲಿಟ್ಟು ಬಟ್ಟೆ ಕಟ್ಟಿದರೆ ಹುಳಗಳು ಮರಳಿಗಿಳಿದು ಕೋಶವಾಗುತ್ತವೆ. ಕೆಲವು ದಿನ ಕಳೆದರೆ ಕೆಲವು ಕೋಶಗಳಿಂದ ನೊಣ, ಕೆಲವುಗಳಿಂದ ಕಣಜ. ಬಣ್ಣ ನೋಡಿ ಹೆಸರಿಟ್ಟರೆ ಮೋಸ ಹೋದಂತೆ. ಸೂಕ್ಷ್ಮದರ್ಶಕದಡಿ ರೆಕ್ಕೆಯ ನರಗಳು, ಬಾಯಿಯ ಅಂಚು, ಸೂಜಿಯ ಉದ್ದ ನೋಡಬೇಕು. ಸಂಶಯ ಉಳಿದರೆ ಡಿಎನ್‌ಎ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ಇಂಥ ವರ್ಗೀಕರಣ ನಡೆಯುತ್ತದೆ.

ಉದುರಿದ ಹಣ್ಣನ್ನು ಸುಟ್ಟರೆ ಕಣಜವೂ ಸಾಯುತ್ತದೆ. ನೊಣ ತೂರದ, ಕಣಜ ಮಾತ್ರ ತೂರುವಷ್ಟು ಸಣ್ಣ ಕಣ್ಣಿನ ಬಲೆಯೊಳಗೆ ಆ ಹಣ್ಣನ್ನು ಹಾಕಿಡಿ.