ಲ್ಯಾಪ್‌ಟಾಪಿಗೆ ಸರಿಯಾದ ಹಾರ್ಡ್ ಡಿಸ್ಕ್ ಆಯ್ಕೆ

ಜಮಾಖರ್ಚು, ಪಹಣಿಯ ಪ್ರತಿ, ಬೆಳೆಯ ಛಾಯಾಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿಡುವ ರೈತರು ಹಾರ್ಡ್ ಡಿಸ್ಕ್ ಬದಲಿಸುವಾಗ ವೇಗ, ಸಾಮರ್ಥ್ಯ ಎರಡನ್ನೂ ಗಮನಿಸಬೇಕು.

ವೇಗ: ನಿಮಿಷಕ್ಕೆ 5,400 ಸುತ್ತು ತಿರುಗುವ ಸಾಮಾನ್ಯ ಡಿಸ್ಕ್ ಸೆಕೆಂಡಿಗೆ ಸುಮಾರು 100 ಮೆಗಾಬೈಟ್ ಓದುತ್ತದೆ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ, ಸಾಟಾ ಜೋಡಣೆಯಲ್ಲೇ ಸುಮಾರು 500 ಮೆಗಾಬೈಟ್ ಓದುತ್ತದೆ, ಕುಲುಕಾಟವನ್ನೂ ತಾಳುತ್ತದೆ. ಹಳೆಯ ಲ್ಯಾಪ್‌ಟಾಪ್ ನಿಧಾನವಾಗಿದ್ದರೆ, ಹೊಸದನ್ನು ಕೊಳ್ಳುವ ಮೊದಲು ಇದನ್ನು ಹಾಕಿಸಿ ನೋಡುವುದು ಲಾಭಕರ.

ಸಾಮರ್ಥ್ಯ: ಲೆಕ್ಕಪತ್ರಗಳಿಗೆ 256 ಗಿಗಾಬೈಟ್ ಸಾಕು. ಛಾಯಾಚಿತ್ರ, ವಿಡಿಯೋ ಹೆಚ್ಚಿದ್ದರೆ 512 ಗಿಗಾಬೈಟಿನದು ಸೂಕ್ತ. ಐದರಲ್ಲೊಂದು ಭಾಗವನ್ನು ಖಾಲಿ ಬಿಡಬೇಕು.

ಅಳತೆ: ಲ್ಯಾಪ್‌ಟಾಪಿಗೆ ಹೊಂದುವುದು 2.5 ಅಂಗುಲದ ಡಿಸ್ಕೋ, ಎಂ.2 ಮಾದರಿಯೋ ಎಂದು ಮೊದಲೇ ತಿಳಿದುಕೊಳ್ಳಬೇಕು.

ಎಚ್ಚರಿಕೆ: ಎಸ್‌ಎಸ್‌ಡಿ ಕೆಟ್ಟರೆ ಅದರಲ್ಲಿನ ದಾಖಲೆಗಳನ್ನು ಮರಳಿ ಪಡೆಯುವುದು ಕಷ್ಟ. ತೆಗೆದ ಡಿಸ್ಕ್ ಸುಸ್ಥಿತಿಯಲ್ಲಿದ್ದರೆ ಎಸೆಯದೆ, ಯುಎಸ್‌ಬಿ ಕೇಸಿಗೆ ಹಾಕಿಸಿ, ಮುಖ್ಯ ದಾಖಲೆಗಳ ಎರಡನೆಯ ಪ್ರತಿಯನ್ನು ಅದರಲ್ಲಿ ಇಟ್ಟುಕೊಳ್ಳಬೇಕು.