ಒಂದು ಪದಕ್ಕೆ ಹಲವು ಉದ್ಯೋಗ



ದಾವಣಗೆರೆಗೂ ಹರಿಹರಕ್ಕೂ ಸಮೀಪದಲ್ಲಿರುವ ಕೊಂಡಜ್ಜಿ ಗ್ರಾಮವನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಅಲ್ಲಿ ದೊಡ್ಡದೊಂದು ಕೆರೆಯಿದೆ, ಗುಡ್ಡವಿದೆ, ಸ್ಕೌಟ್ ಮತ್ತು ಗೈಡ್ ಮಕ್ಕಳ ಶಿಕ್ಷಣಕ್ಕಾಗಿ ಏರ್ಪಟ್ಟ ಬೀಡೂ ಇದೆ. ಇಂತಹ ಬೀಡುಗಳಲ್ಲಿ ಮಕ್ಕಳ ನಾಲಗೆಯ ಮೇಲೆ ಆಡುವ ಇಂಗ್ಲಿಷ್ ಪದಗಳನ್ನು ಗಮನಿಸಿ: ಸ್ಕೌಟ್, ಗೈಡ್, ಕ್ಯಾಂಪ್, ಮಾರ್ಚ್, ಡ್ರಿಲ್, ಸೆಲ್ಯೂಟ್. ಇವುಗಳಲ್ಲಿ ಒಂದೊಂದೂ ನಾಮಪದವಾಗಬಲ್ಲದು, ಕ್ರಿಯಾಪದವೂ ಆಗಬಲ್ಲದು. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಎಡವುವ ಸ್ಥಳಗಳಲ್ಲಿ ಇದೂ ಒಂದು.

ಹುಡುಗನೊಬ್ಬನು ‘ಕ್ಯಾಂಪ್ ಎಂದರೆ ಬೀಡು, ಅದು ನಾಮಪದ’ ಎಂದು ಕಂಠಪಾಠ ಮಾಡಿದ್ದಾನೆನ್ನಿ. ‘ವೀ ಕ್ಯಾಂಪ್ ನಿಯರ್ ದಿ ಲೇಕ್’, ಎಂದರೆ ನಾವು ಕೆರೆಯ ಬಳಿ ಬೀಡುಬಿಡುತ್ತೇವೆ, ಎಂಬ ವಾಕ್ಯ ಅವನ ಮುಂದೆ ಬರುತ್ತದೆ. ಅವನು ಕ್ರಿಯಾಪದವನ್ನು ಹುಡುಕುತ್ತಾನೆ, ಕಾಣುವುದಿಲ್ಲ. ಏನೋ ಬಿಟ್ಟುಹೋಗಿದೆಯೆಂದು ಬಗೆದು ‘ವೀ ಆರ್ ಕ್ಯಾಂಪ್’ ಎಂದು ತಿದ್ದುತ್ತಾನೆ. ಕೆಂಪು ಗೆರೆ ಬೀಳುತ್ತದೆ. ಹೀಗೆ ನಾಲ್ಕು ಬಾರಿ ಆದಮೇಲೆ, ಈ ಭಾಷೆ ತನಗೆ ದಕ್ಕುವುದಲ್ಲವೆಂದು ಅವನು ತೀರ್ಮಾನಿಸಿಬಿಡುತ್ತಾನೆ. ಅವನ ಬುದ್ಧಿಯಲ್ಲಿ ಕೊರತೆಯೇನೂ ಇಲ್ಲ. ತಾಯಿನುಡಿಯ ನಿಯಮವನ್ನು ಅವನು ಪ್ರಾಮಾಣಿಕವಾಗಿ ಪಾಲಿಸಿದನು, ಅಷ್ಟೆ.

ಆ ನಿಯಮವೇನು? ಕನ್ನಡದಲ್ಲಿ ಪದದ ಉದ್ಯೋಗವನ್ನು ಹೇಳುವುದು ಬಹುಮಟ್ಟಿಗೆ ಅದರ ಉಡುಪು. 13ನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ನಾಮಕ್ಕೂ ಆಖ್ಯಾತಕ್ಕೂ ಬೇರೆ ಬೇರೆ ಪ್ರಕರಣಗಳನ್ನೇ ಮೀಸಲಿಟ್ಟನು. ನಾಮಕ್ಕೆ ಹತ್ತುವ ವಿಭಕ್ತಿಗಳೇ ಬೇರೆ, ಧಾತುವಿಗೆ ಹತ್ತುವ ಆಖ್ಯಾತಪ್ರತ್ಯಯಗಳೇ ಬೇರೆ. ಹಾಡು, ಅಳು, ಕೆಮ್ಮು, ಬೆವರು ಮುಂತಾದ ಪದಗಳು ನಮ್ಮಲ್ಲಿಯೂ ಎರಡು ಕೆಲಸ ಮಾಡುತ್ತವೆ. ಆದರೆ ‘ಹಾಡನ್ನು ಹಾಡಿದಳು’ ಎಂದೊಡನೆ ಸಂದೇಹ ತೀರುತ್ತದೆ. ‘ಹಾಡಿದಳು ಹಾಡನ್ನು’ ಎಂದು ಹಿಂದುಮುಂದಾಗಿಸಿದರೂ ಅರ್ಥ ಕೆಡದು.

ಇಂಗ್ಲಿಷಿನ ಗತಿ ಹಾಗಲ್ಲ. ಅಲ್ಲಿ ಪದದ ಉದ್ಯೋಗವನ್ನು ನಿರ್ಣಯಿಸುವುದು ಅದು ಕುಳಿತ ಪೀಠ. ‘ಸ್ಕೌಟ್ಸ್ ಗೈಡ್’ ಎಂದರೆ ಸ್ಕೌಟುಗಳು ದಾರಿ ತೋರಿಸುತ್ತಾರೆ. ‘ಗೈಡ್ಸ್ ಸ್ಕೌಟ್’ ಎಂದರೆ ಗೈಡುಗಳು ಸುಳುಹು ಅರಸುತ್ತಾರೆ. ಪದಗಳು ಸ್ಥಾನವನ್ನು ಬದಲಿಸಿಕೊಂಡವು. ಅದರೊಡನೆ ಉದ್ಯೋಗವೂ ಬದಲಾಯಿತು. ಕೊನೆಯ ಸಕಾರವನ್ನು ನೆಚ್ಚುವಂತೆಯೂ ಇಲ್ಲ: ‘ಗೈಡ್ಸ್’ ಎಂಬುದು ‘ಮಾರ್ಗದರ್ಶಕರು’ ಎಂಬ ಬಹುವಚನವೂ ಆಗಬಹುದು, ‘ದಾರಿ ತೋರಿಸುತ್ತಾನೆ’ ಎಂಬ ಕ್ರಿಯೆಯೂ ಆಗಬಹುದು.

ಆ ಭಾಷೆ ಮೊದಲಿನಿಂದಲೂ ಹೀಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಪ್ರೀತಿಗೆ ‘ಲುಫು’ ಎಂದೂ ಪ್ರೀತಿಸುವುದಕ್ಕೆ ‘ಲುಫಿಯನ್’ ಎಂದೂ ಬೇರೆ ಬೇರೆ ರೂಪಗಳಿದ್ದವು. ಸುಮಾರು 11ರಿಂದ 15ನೆಯ ಶತಮಾನದೊಳಗೆ ಇಂತಹ ಪ್ರತ್ಯಯಗಳು ಬಹುಪಾಲು ಸವೆದುಹೋಗಿ ಎರಡೂ ‘ಲವ್’ ಎಂಬ ಒಂದೇ ರೂಪಕ್ಕೆ ಬಂದು ನಿಂತವು. ಉಡುಪನ್ನು ಕಳೆದುಕೊಂಡ ಭಾಷೆ ಸ್ಥಾನವನ್ನು ಬಿಗಿಯಾಗಿ ಹಿಡಿಯಿತು. ನಾವು ‘ಪ್ರೀತಿ’ಗೆ ‘ಇಸು’ ಹಚ್ಚಿ ‘ಪ್ರೀತಿಸು’ ಎನ್ನುವಲ್ಲಿ ಅವರಿಗೆ ಏನನ್ನೂ ಹಚ್ಚುವ ಅಗತ್ಯವಿಲ್ಲ. ‘ಕ್ಯಾಂಪ್’ ಎಂಬ ಅವರ ಪದವನ್ನೇ ಎರವಲು ತಂದಾಗಲೂ ನಾವು ‘ಮಾಡು’ ಸೇರಿಸಿ ‘ಕ್ಯಾಂಪ್ ಮಾಡಿದರು’ ಎನ್ನುತ್ತೇವೆ. ಉಡುಪಿಲ್ಲದೆ ಅದನ್ನು ಕ್ರಿಯೆಯ ಪೀಠಕ್ಕೆ ಏರಿಸಲು ನಮ್ಮ ಮನಸ್ಸು ಒಪ್ಪದು.

ಕೆಲವು ಇಂಗ್ಲಿಷ್ ಪದಗಳಿಗೆ ಎರಡು ಪೀಠವೂ ಸಾಲದು. ‘ರೌಂಡ್’ ಎಂಬುದನ್ನು ನೋಡಿ. ‘ಎ ರೌಂಡ್ ಸ್ಟೋನ್’, ದುಂಡನೆಯ ಕಲ್ಲು: ವಿಶೇಷಣ. ‘ಒನ್ ರೌಂಡ್’, ಒಂದು ಸುತ್ತು: ನಾಮಪದ. ‘ದೇ ರೌಂಡ್ ದಿ ಹಿಲ್’, ಅವರು ಗುಡ್ಡವನ್ನು ಬಳಸಿ ಹೋಗುತ್ತಾರೆ: ಕ್ರಿಯಾಪದ. ‘ವಾಕ್ ರೌಂಡ್ ದಿ ಲೇಕ್’, ಕೆರೆಯ ಸುತ್ತ ನಡೆ: ಇಲ್ಲಿ ಅದು ಪ್ರೆಪೊಸಿಷನ್. ‘ಟರ್ನ್ ರೌಂಡ್’, ಹಿಂದಿರುಗು: ಕ್ರಿಯಾವಿಶೇಷಣ. ಇದನ್ನು ಕೇಳಿ ದಿಗಿಲುಬೀಳಬೇಕಾಗಿಲ್ಲ. ಒಂದು ಸುತ್ತು ಬಾ, ಕೆರೆಯನ್ನು ಸುತ್ತು, ಕೆರೆಯ ಸುತ್ತ ನಡೆ ಎಂದು ನಮ್ಮ ‘ಸುತ್ತು’ ಕೂಡ ಕೊಂಚ ರೂಪ ತಿದ್ದಿಕೊಂಡು ಇದೇ ದಾರಿಯಲ್ಲಿ ನಡೆಯುವುದಲ್ಲವೆ?

ಆದರೆ ಈ ಸ್ವಾತಂತ್ರ್ಯಕ್ಕೂ ಎಲ್ಲೆಯುಂಟು. ಹಾಡುವುದು ‘ಸಿಂಗ್’, ಹಾಡು ‘ಸಾಂಗ್’. ಒಂದರ ಬದಲು ಇನ್ನೊಂದು ಸಲ್ಲದು. ಮತ್ತೆ ‘ರೆಕಾರ್ಡ್’ ಎಂಬಂತಹ ಪದಗಳಲ್ಲಿ ಬರಹ ಒಂದೇ ಆದರೂ ಉಚ್ಚಾರಣೆ ಬೇರೆ: ನಾಮಪದವಾದಾಗ ಒತ್ತು ಮೊದಲ ಅಕ್ಷರದ ಮೇಲೆ, ಕ್ರಿಯಾಪದವಾದಾಗ ಎರಡನೆಯದರ ಮೇಲೆ. ಇದನ್ನು ಪುಸ್ತಕದಿಂದ ಕಲಿಯುವುದು ಕಷ್ಟ, ಕಿವಿಯಿಂದ ಸುಲಭ.

ಆದುದರಿಂದ ಉಪಾಧ್ಯಾಯರಲ್ಲಿಯೂ ತಾಯಿತಂದೆಗಳಲ್ಲಿಯೂ ನನ್ನ ಬಿನ್ನಹವಿಷ್ಟೆ. ‘ಈ ಪದ ಯಾವ ಜಾತಿ?’ ಎಂದು ಮಗುವನ್ನು ಕೇಳಬೇಡಿ. ‘ಈ ವಾಕ್ಯದಲ್ಲಿ ಇದು ಏನು ಕೆಲಸ ಮಾಡುತ್ತಿದೆ?’ ಎಂದು ಕೇಳಿ. ಪದವನ್ನು ಒಂಟಿಯಾಗಿ ಕೊಡದೆ ವಾಕ್ಯದೊಳಗಿಟ್ಟು ಕೊಡಿ. ‘ಸ್ಕೌಟ್’ ಎಂಬ ಪದವು ‘ಕಿವಿಗೊಟ್ಟು ಕೇಳು’ ಎಂಬರ್ಥದ ಹಳೆಯ ಫ್ರೆಂಚ್ ಧಾತುವಿನಿಂದ ಬಂದದ್ದು. ವಾಕ್ಯವನ್ನು ಪೂರ್ತಿಯಾಗಿ ಕಿವಿಗೊಟ್ಟು ಕೇಳುವ ಹುಡುಗನು ‘ಕ್ಯಾಂಪ್’ ಎಲ್ಲಿ ಬೀಡು, ಎಲ್ಲಿ ಬೀಡುಬಿಡುವುದು ಎಂಬುದನ್ನು ತಾನೇ ಕಂಡುಕೊಳ್ಳುತ್ತಾನೆ.