ಮನೆಯಂಗಳದಲ್ಲಿ ಬೆಳೆದ ರಂಗಭೂಮಿ: ಪುತ್ತೂರು, ಸುಳ್ಯ, ಕಡಬ

ಮಾಣಿಯಲ್ಲಿ ಬೆಂಗಳೂರು ಹೆದ್ದಾರಿ ಬಿಟ್ಟು ಮೈಸೂರಿನ ದಾರಿ ಹಿಡಿದರೆ ಮೊದಲು ಪುತ್ತೂರು, ಆಮೇಲೆ ಸುಳ್ಯ. ನಡುವೆ ಎಡಕ್ಕೆ ತಿರುಗಿದರೆ ಕುಮಾರಧಾರೆಯ ದಡದ ಊರುಗಳು, ಕಡಬ, ಕುಕ್ಕೆ ಸುಬ್ರಹ್ಮಣ್ಯ. ಕಡಬ ತಾಲೂಕಾಗಿ ಕೆಲವೇ ವರ್ಷವಾಯಿತು. ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಸೇರಿಸಿಯೇ ಅದನ್ನು ಕಟ್ಟಿದ್ದು. ಹಾಗಾಗಿ ಕಂದಾಯ ದಾಖಲೆಯಲ್ಲಿ ಮೂರಾದರೂ ಆಟ, ಕೂಟ, ನಾಟಕದ ಮಟ್ಟಿಗೆ ಇದು ಇಂದಿಗೂ ಒಂದೇ ಸೀಮೆ. ಅಡಿಕೆ ತೋಟಗಳ ನಡುವೆ ದೂರ ದೂರ ಚದುರಿದ ಮನೆಗಳು, ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಕೊಂಕಣಿ, ಮಲಯಾಳ ಮಾತಾಡುವ ಜನ, ಇವರೆಲ್ಲರನ್ನೂ ಒಂದೇ ಚಪ್ಪರದಡಿ ತರುವ ಜಾತ್ರೆಗಳು.

ಈ ಸೀಮೆಯಲ್ಲಿ ವೃತ್ತಿ ನಾಟಕ ಕಂಪನಿಗಳ ದೊಡ್ಡ ಪರಂಪರೆಯಿಲ್ಲ. ಟಿಕೆಟು ಹರಿದು ನಡೆಯುವ ನಾಟಕಶಾಲೆಗಳ ಸಾಲೂ ಇಲ್ಲ. ಆದರೂ ಕನ್ನಡ ರಂಗಭೂಮಿಯ ಚರಿತ್ರೆ ಬರೆಯುವವರು ಪುತ್ತೂರನ್ನು ದಾಟಿ ಹೋಗಲಾರರು. ಕಾರಣ, ಇಲ್ಲಿ ರಂಗಭೂಮಿ ಬೆಳೆದದ್ದು ಯಾರೋ ಒಬ್ಬರ ಮನೆಯಲ್ಲಿ. ಅವರ ಹಿತ್ತಿಲು, ಅಂಗಳ, ಚಾವಡಿಗಳೇ ಅದಕ್ಕೆ ನೆಲೆ.

ಪರ್ಲಡ್ಕದ ಬಾಲವನ

ಅಂಥ ಮೊದಲ ಮನೆ ಪುತ್ತೂರು ಪೇಟೆಯಿಂದ ಕೂಗಳತೆಯಲ್ಲಿರುವ ಪರ್ಲಡ್ಕದ ಬಾಲವನ. ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಹುಟ್ಟಿದ ಶಿವರಾಮ ಕಾರಂತರು ತಮ್ಮ ಬದುಕಿನ ಸುಮಾರು ನಾಲ್ಕು ದಶಕ ಕಳೆದದ್ದು ಪುತ್ತೂರಿನಲ್ಲಿ. ಕಾದಂಬರಿಕಾರರೆಂದು ಅವರನ್ನು ಓದುವವರಿಗೆ ರಂಗದ ಕಾರಂತರು ಅಷ್ಟಾಗಿ ಪರಿಚಯವಿಲ್ಲ. ಅವರು ‘ಗರ್ಭಗುಡಿ’ಯಂಥ ನಾಟಕ ಬರೆದರು. ‘ಮುಕ್ತದ್ವಾರ’, ‘ಕಿಸಾ ಗೋತಮಿ’ಯಂಥ ಗೀತನಾಟಕಗಳನ್ನು ರಚಿಸಿ ಹಾಡು, ಕುಣಿತಗಳಿಂದಲೇ ಕಥೆ ನಡೆಸಲು ನೋಡಿದರು. ಮೂಕಿ ಚಿತ್ರದ ಕಾಲದಲ್ಲಿ ಕ್ಯಾಮೆರಾ ಹಿಡಿದು ‘ಡೊಮಿಂಗೊ’ ತೆಗೆದರು. ಮಕ್ಕಳಿಗೆ ಪಾಠ ಆಟವಾಗಬೇಕೆಂದು ಬಾಲವನದಲ್ಲಿ ಪ್ರಯೋಗಶಾಲೆ ನಡೆಸಿದರು, ಕುಣಿಯಲು, ನಟಿಸಲು ಅಲ್ಲೇ ನಾಟ್ಯಶಾಲೆ ಕಟ್ಟಿಸಿದರು.

ಅವರಿಗೆ ಊರಿನ ಬೆನ್ನಾಸರೆಯೂ ಇತ್ತು. ಸಹಕಾರಿ ರಂಗದ ಹಿರಿಯರಾದ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸೊಸೈಟಿ, ಶಾಲೆಗಳನ್ನು ಕಟ್ಟಿದಂತೆ ಸಂಸ್ಕೃತಿಗೂ ನೆಲೆ ಮಾಡಿಕೊಟ್ಟವರು. ನವರಾತ್ರಿಯ ನಾಡಹಬ್ಬಕ್ಕೆ ಕನ್ನಡ ನಾಡಿನ ಬೇರೆ ಬೇರೆ ಕಡೆಗಳಿಂದ ಸಾಹಿತಿಗಳು ಈ ಪುಟ್ಟ ಪೇಟೆಗೆ ಬಂದು ಹೋಗುತ್ತಿದ್ದರು. ಭಾಷಣದ ಜತೆಗೆ ನಾಟಕ, ಕುಣಿತ, ಯಕ್ಷಗಾನ ನೋಡುವ ರೂಢಿ ಪುತ್ತೂರಿನವರಿಗೆ ಆಗ ಬಿದ್ದದ್ದು. ಆ ಬಳಿಕ ಬೋಳಂತಕೋಡಿ ಈಶ್ವರ ಭಟ್ಟರ ಮುಂದಾಳ್ತನದಲ್ಲಿ ಪುತ್ತೂರಿನ ಕರ್ನಾಟಕ ಸಂಘ ಪುಸ್ತಕ ಪ್ರಕಟಣೆಯ ಕೆಲಸವನ್ನು ವ್ರತದಂತೆ ನಡೆಸಿತು.

ಕಾರಂತರು ಪುತ್ತೂರಿನಲ್ಲಿದ್ದಾಗಲೇ ಅವರ ‘ಯಕ್ಷಗಾನ ಬಯಲಾಟ’ ಪುಸ್ತಕ ಹೊರಬಂತು. 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಿಕ್ಕಿತು. ಕಾದಂಬರಿಗೂ ಕವನಕ್ಕೂ ಸಲ್ಲುವ ಗೌರವ ಒಂದು ರಂಗಕಲೆಯ ಅಧ್ಯಯನಕ್ಕೆ ಸಂದದ್ದು ಸಣ್ಣ ಮಾತಲ್ಲ. ವೇಷ, ಬಣ್ಣ, ಹಾಡಿನ ಮಟ್ಟು, ಹೆಜ್ಜೆ ಎಲ್ಲವನ್ನೂ ಹಳ್ಳಿ ಹಳ್ಳಿ ಸುತ್ತಿ ಕಲೆಹಾಕಿದ ಆ ಪುಸ್ತಕ ಯಕ್ಷಗಾನವನ್ನು ಭಕ್ತಿಯ ಸೇವೆಯ ಜತೆಗೆ ರಂಗಭೂಮಿಯಾಗಿಯೂ ನೋಡಲು ಕಲಿಸಿತು.

ಕಾರಂತರು ಸಾಲಿಗ್ರಾಮಕ್ಕೆ ಹೋದ ಮೇಲೆ ಬಾಲವನ ಬಹುಕಾಲ ಸೊರಗಿತು. ಹಂಚು ಜಾರಿದ, ಗೋಡೆ ಬಿರುಕು ಬಿಟ್ಟ ಸುದ್ದಿಗಳೇ ಪತ್ರಿಕೆಗಳಲ್ಲಿ ಬರುತ್ತಿದ್ದವು. ಈಚಿನ ವರ್ಷಗಳಲ್ಲಿ ಮನೆ, ನಾಟ್ಯಶಾಲೆಗಳ ದುರಸ್ತಿ ನಡೆದಿದೆ. ಅಕ್ಟೋಬರ್ 10ರಂದು ಕಾರಂತರ ಜನ್ಮದಿನವನ್ನು ಅಲ್ಲಿ ಆಚರಿಸಿ ಬಾಲವನ ಪ್ರಶಸ್ತಿ ಕೊಡುತ್ತಾರೆ.

ಹಳೆಗೇಟಿನ ರಂಗಮನೆ

ಇನ್ನೊಂದು ಮನೆ ಸುಳ್ಯದ ಹಳೆಗೇಟಿನಲ್ಲಿದೆ. ಹೆಸರೇ ರಂಗಮನೆ. ಇದನ್ನು ಕಟ್ಟಿದ ಜೀವನ್‌ರಾಂ ಸುಳ್ಯ ಹೆಗ್ಗೋಡಿನ ನೀನಾಸಂನಲ್ಲಿ ಕಲಿತವರು. ಅಲ್ಲಿ ಕಲಿತು ಬಂದವರಲ್ಲಿ ಹಲವರು ಬೆಂಗಳೂರು, ಮೈಸೂರಿನ ಕಡೆ ಮುಖ ಮಾಡಿದರೆ ಇವರು ಊರಿಗೆ ಮರಳಿ ತಮ್ಮ ವಾಸದ ಮನೆಯನ್ನೇ ನಾಟಕದ ಅಂಗಳವಾಗಿಸಿದರು. ಅಲ್ಲಿ ರಂಗದ ಮೇಲೆ ಬೆಳಕು ಬಿದ್ದಾಗ ನೋಡುವವನಿಗೂ ನಟನಿಗೂ ನಡುವೆ ದೂರವಿರುವುದಿಲ್ಲ. ಮಾತು ಕೇಳಿಸಲು ಅರಚಬೇಕಾಗಿಲ್ಲ.

ಜೀವನ್‌ರಾಂ ಅವರ ತಂದೆ ಸುಜನಾ ಸುಳ್ಯ ಯಕ್ಷಗಾನ ಕಲಾವಿದರು. ಅವರ ಹೆಸರಿನ ಯಕ್ಷಶಿಕ್ಷಣ ಕೇಂದ್ರವೂ ರಂಗಮನೆಯಲ್ಲೇ ಇದೆ. ಹಾಗಾಗಿ ಒಂದೇ ಸೂರಿನಡಿ ಮಕ್ಕಳು ತೆಂಕುತಿಟ್ಟಿನ ಹೆಜ್ಜೆಯನ್ನೂ ಆಧುನಿಕ ನಾಟಕದ ಅಭಿನಯವನ್ನೂ ಕಲಿಯುತ್ತಾರೆ. ಬೇಸಗೆ ರಜೆಯಲ್ಲಿ ನಡೆಯುವ ಚಿಣ್ಣರ ಮೇಳದಲ್ಲಿ ಮುಖವಾಡ ಮಾಡುವುದು, ಬಣ್ಣ ಬಳಿಯುವುದು, ಹಾಡುವುದು, ಕೊನೆಗೆ ನಾಟಕ ಆಡುವುದು. ಸುಳ್ಯದಂಥ ಊರಿನಲ್ಲಿ ಹತ್ತು ವರ್ಷದ ಹುಡುಗಿಗೆ ‘ಎಂಟ್ರಿ’, ‘ಬ್ಲಾಕಿಂಗ್’, ‘ಪ್ರಾಪರ್ಟಿ’ ಎಂಬ ಮಾತು ಪರಿಚಯವಾಗಿದ್ದರೆ ಅದರ ಹಿಂದೆ ಇಂಥ ಶಿಬಿರಗಳಿವೆ.

ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯ ವಿದ್ಯಾರ್ಥಿಗಳಿಗೆ ಜೀವನ್‌ರಾಂ ನಿರ್ದೇಶಿಸಿದ ನಾಟಕಗಳು ಈ ಸೀಮೆಯ ರಂಗಕೆಲಸವನ್ನು ಹೊರಗಿನವರಿಗೂ ತೋರಿಸಿವೆ. ಹಂ.ಪ. ನಾಗರಾಜಯ್ಯನವರ ‘ಚಾರುವಸಂತ’ ಕಾವ್ಯವನ್ನು ನಾ. ದಾಮೋದರ ಶೆಟ್ಟಿ ರಂಗಕ್ಕೆ ಅಳವಡಿಸಿದರು, ಜೀವನ್‌ರಾಂ ನಿರ್ದೇಶಿಸಿದರು. ಕಾಲೇಜು ಮಕ್ಕಳ ತಂಡ ಅದನ್ನು ಊರೂರಿಗೆ ಒಯ್ದಿತು. ಬರೆದವರು ಹಳೆ ಮೈಸೂರಿನ ಕಡೆಯವರು, ರಂಗರೂಪ ಕೊಟ್ಟವರು ಕುಂಬಳೆಯ ಕಡೆಯವರು, ಆಡಿಸಿದವರು ಸುಳ್ಯದವರು.

ಪುತ್ತೂರಿನಲ್ಲಿಯೂ ಮಕ್ಕಳ ರಂಗಭೂಮಿಯ ಎಳೆ ಕಡಿದಿಲ್ಲ. ಅದನ್ನು ಹಿಡಿದು ಬಂದವರಲ್ಲಿ ಐ.ಕೆ. ಬೊಳುವಾರು ಮುಖ್ಯರು. ಅದೇ ಬೊಳುವಾರಿನ ಇನ್ನೊಬ್ಬ ಲೇಖಕ ಬೊಳುವಾರು ಮಹಮದ್ ಕುಂಞಿ ಮಕ್ಕಳಿಗಾಗಿ ಬರೆದ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ ಗಾಂಧೀಜಿಯ 150ನೇ ಜನ್ಮವರ್ಷದ ಹೊತ್ತಿಗೆ ನಾಟಕವಾಯಿತು. ಶ್ರೀಪಾದ ಭಟ್ ನಿರ್ದೇಶನದ ಆ ನಾಟಕ ಸರಕಾರದ ರಂಗಪಯಣವಾಗಿ ರಾಜ್ಯದ ಶಾಲೆ, ಕಾಲೇಜುಗಳನ್ನು ಸುತ್ತಿತು. ಪುತ್ತೂರಿನ ‘ಬಹುವಚನಂ’ನಂಥ ಬಳಗಗಳು ಪುಟ್ಟ ಸಭಾಭವನದಲ್ಲಿ ಆಪ್ತ ಪ್ರೇಕ್ಷಕರ ಮುಂದೆ ನಾಟಕ, ಸಂಗೀತಗಳನ್ನು ನಡೆಸುತ್ತ ಬಂದಿವೆ. ಸುಬ್ರಹ್ಮಣ್ಯದಲ್ಲಿ ಕುಕ್ಕೆ ಶ್ರೀ ಸುಬ್ರಹ್ಮಣ್ಯೇಶ್ವರ ಕಾಲೇಜಿನ ‘ಕುಸುಮಸಾರಂಗ’ ರಂಗ ಘಟಕ ಕಡಬ ಭಾಗದ ಹುಡುಗ, ಹುಡುಗಿಯರನ್ನು ವೇದಿಕೆಗೆ ಹತ್ತಿಸಿದೆ.

ಕುರ್ಚಿಯಲ್ಲಿ ಕೂತು ಆಡುವ ನಾಟಕ

ನಾಟಕದ ಮಾತಾಡುವಾಗ ತಾಳಮದ್ದಳೆಯನ್ನು ಬಿಟ್ಟರೆ ಈ ಸೀಮೆಯ ಚಿತ್ರ ಅರ್ಧ ಮಾತ್ರ ಆಗುತ್ತದೆ. ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಮಳೆಗಾಲದ ಬಿಡುವಿಗೆ ಹೋಗುತ್ತವೆ. ಆಮೇಲೆ ಶುರುವಾಗುವುದು ತಾಳಮದ್ದಳೆ ಕೂಟಗಳ ಕಾಲ. ವೇಷವಿಲ್ಲ, ಕುಣಿತವಿಲ್ಲ, ಪರದೆಯಿಲ್ಲ. ಭಾಗವತರು ಪದ ಹೇಳುತ್ತಾರೆ, ಚೆಂಡೆ, ಮದ್ದಳೆ ಜತೆಗೂಡುತ್ತದೆ, ಅರ್ಥಧಾರಿಗಳು ಕೂತಲ್ಲಿಂದಲೇ ಕೃಷ್ಣನೂ ಕರ್ಣನೂ ಆಗಿ ವಾದಕ್ಕಿಳಿಯುತ್ತಾರೆ. ಬರೆದಿಟ್ಟ ಸಂಭಾಷಣೆ ಒಂದೂ ಇರುವುದಿಲ್ಲ. ಎದುರಾಳಿಯ ಮಾತಿಗೆ ಆ ಕ್ಷಣದಲ್ಲೇ ಉತ್ತರ ಹುಟ್ಟಬೇಕು.

ಈ ಕಲೆಯ ದೊಡ್ಡ ಹೆಸರುಗಳಲ್ಲಿ ಒಂದು ಸುಳ್ಯ ತಾಲೂಕಿನ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯ. ಊರಿನ ಪಟೇಲರಾಗಿದ್ದ ಅವರು ಪಾತ್ರದ ಒಳಮನಸ್ಸನ್ನು ಬಿಡಿಸಿಡುವ ಅರ್ಥಗಾರಿಕೆಗೆ ಹೆಸರಾದವರು. ಅವರ ‘ಕುರುಕ್ಷೇತ್ರಕ್ಕೊಂದು ಆಯೋಗ’ ಇಂದು ಓದಿದರೂ ಹೊಸದೆನಿಸುತ್ತದೆ. ಮಹಾಭಾರತದ ಯುದ್ಧಕ್ಕೆ ಹೊಣೆ ಯಾರೆಂದು ತಿಳಿಯಲು ತನಿಖಾ ಆಯೋಗವೊಂದು ಕೂತು, ಪಾತ್ರಗಳು ಒಬ್ಬೊಬ್ಬರಾಗಿ ಬಂದು ಹೇಳಿಕೆ ಕೊಟ್ಟರೆ ಹೇಗಿರುತ್ತದೆ? ಪಟೇಲಿಕೆಯಲ್ಲಿ ನ್ಯಾಯ, ಪಂಚಾಯಿತಿಗೆ ಕೂತು ಅನುಭವವಿದ್ದ ಮನುಷ್ಯನಿಗೆ ಹೊಳೆಯಬಹುದಾದ ಕಲ್ಪನೆ ಅದು.

ಗಡಿಯಾಚೆ ಕಾಸರಗೋಡು ಜಿಲ್ಲೆಯ ದೇಲಂಪಾಡಿ ಬನಾರಿಯಲ್ಲಿ ಕೀರಿಕ್ಕಾಡು ಮಾಸ್ತರ್ ವಿಷ್ಣು ಭಟ್ಟರು ಕಟ್ಟಿದ ಯಕ್ಷಗಾನ ಕಲಾ ಸಂಘವನ್ನು ಈ ಸೀಮೆಯಿಂದ ಬೇರೆ ಮಾಡಿ ನೋಡಲಾಗದು. ಕಲಿಯುವವರು, ಕಲಿಸುವವರು, ನೋಡುವವರು ಗಡಿಯ ಎರಡೂ ಕಡೆಯವರು. ಪೇಟೆಯ ಹೆಸರನ್ನೇ ತಮ್ಮ ಹೆಸರಿಗೆ ಅಂಟಿಸಿಕೊಂಡ ವೇಷಧಾರಿಗಳೂ ಇದ್ದಾರೆ. ಧರ್ಮಸ್ಥಳ ಮೇಳದಲ್ಲಿ ಧಿಂಗಿಣಗಳಿಂದಲೇ ಜನರನ್ನು ಎಬ್ಬಿಸಿ ಕೂರಿಸಿದ ಪುತ್ತೂರು ಶ್ರೀಧರ ಭಂಡಾರಿ 2021ರಲ್ಲಿ ತೀರಿಕೊಂಡರು. ಹಿಮ್ಮೇಳದಲ್ಲಿ ಕಡಬ ನಾರಾಯಣ ಆಚಾರ್ಯರ ಮದ್ದಳೆಯನ್ನು ನೆನೆಯುವವರು ಈಗಲೂ ಇದ್ದಾರೆ.

ನಾಟಕಕಾರರಿಗೆ ಈ ಯಕ್ಷಗಾನದ ನಂಟಿನಿಂದ ಲಾಭವೂ ಇದೆ, ಕಷ್ಟವೂ ಇದೆ. ಲಾಭವೆಂದರೆ ತಯಾರಾದ ಪ್ರೇಕ್ಷಕರು. ಇಡೀ ರಾತ್ರಿ ಆಟ ನೋಡಿ, ಮಾತಿನ ಎಳೆ ಹಿಡಿದು ಬೆಳಗ್ಗೆ ಚಹಾದಂಗಡಿಯಲ್ಲಿ ವಿಮರ್ಶಿಸುವ ಜನಕ್ಕೆ ಎರಡು ಗಂಟೆಯ ನಾಟಕ ಭಾರವಲ್ಲ. ಕಷ್ಟವೆಂದರೆ ಆ ಪ್ರೇಕ್ಷಕರ ಕಣ್ಣಿಗೆ ಯಕ್ಷಗಾನದ ಬಣ್ಣ, ಕಿವಿಗೆ ಚೆಂಡೆಯ ಏರುಕಾಲ ಅಭ್ಯಾಸವಾಗಿಬಿಟ್ಟಿದೆ. ಜತೆಗೆ ಜಾತ್ರೆಯ ಗದ್ದೆಗಳಲ್ಲಿ ತುಳು ಹಾಸ್ಯ ನಾಟಕಗಳ ಪೈಪೋಟಿ. ಮೌನದಲ್ಲಿ ನಡೆಯುವ ನಾಟಕಕ್ಕೆ ಇಲ್ಲಿ ಜಾಗ ದೊರಕಿಸಬೇಕಾದರೆ ನಿರ್ದೇಶಕ ಒಳ್ಳೆಯ ಕಥೆಗಾರನೂ ಆಗಿರಬೇಕು. ಅದಕ್ಕೇ ಇರಬೇಕು, ಈ ಸೀಮೆಯಿಂದ ಬಂದ ಪ್ರಯೋಗಗಳಲ್ಲಿ ಹಾಡು, ಮುಖವಾಡ, ಗುಂಪಿನ ಚಲನೆ ಧಾರಾಳ.

ವಸ್ತುವಿಗೆ ಬರವಿಲ್ಲ

ಬರೆಯುವವರಿಗೆ ಇಲ್ಲಿ ವಸ್ತುವಿನ ಕೊರತೆ ಬರಲಾರದು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರೂ ಸಂಗಡಿಗರೂ ಸುಳ್ಯದಿಂದ ದಂಡು ಕಟ್ಟಿ, ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡು, ಮಂಗಳೂರಿನಲ್ಲಿ ಸುಮಾರು ಎರಡು ವಾರ ಕಂಪನಿ ಸರಕಾರದ ಬಾವುಟ ಇಳಿಸಿದ್ದರು. ಕಾರಂತರ ‘ಬೆಟ್ಟದ ಜೀವ’ ನಡೆಯುವುದು ಸುಬ್ರಹ್ಮಣ್ಯದ ಆಚೆಗಿನ ಕಾಡಂಚಿನಲ್ಲಿ, ಈಗಿನ ಕಡಬ ತಾಲೂಕಿನ ಕಡೆ. 2011ರಲ್ಲಿ ಸರಕಾರ ಅರೆಭಾಷೆಗೆ ಅಕಾಡೆಮಿ ಕೊಟ್ಟ ಮೇಲೆ ಮನೆಮಾತು ವೇದಿಕೆ ಏರುವ ಧೈರ್ಯವೂ ಹೆಚ್ಚಿದೆ.

ವಸ್ತು ಇದ್ದರೆ ಸಾಲದು, ಎಳವೆಯಲ್ಲೇ ನಾಟಕದ ರುಚಿಯೂ ಹತ್ತಬೇಕು. ನೆರೆಯ ಬಂಟ್ವಾಳ ತಾಲೂಕಿನ ಮಂಚಿಯ ಬಿ.ವಿ. ಕಾರಂತರು ಮೂರನೇ ತರಗತಿಯಲ್ಲಿ ಪಿ.ಕೆ. ನಾರಾಯಣ ಎಂಬ ಮಾಸ್ತರರು ಆಡಿಸಿದ ‘ನನ್ನ ಗೋಪಾಲ’ದಲ್ಲಿ ಪಾತ್ರ ಮಾಡಿದ್ದರು. ಹಳ್ಳಿ ಶಾಲೆಯ ಆ ಒಂದು ನಾಟಕದ ರುಚಿ ಅವರನ್ನು ಗುಬ್ಬಿ ಕಂಪನಿಗೂ ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕ ಸ್ಥಾನಕ್ಕೂ ಕರೆದೊಯ್ದಿತು. ಶಾಲೆಯಲ್ಲಿ ನಾಟಕ ಬೇಕೇ ಎಂದು ಕೇಳುವವರಿಗೆ ಬೇರೆ ಉತ್ತರ ಬೇಕಿಲ್ಲ.

ಮನೆಯನ್ನು ನೆಚ್ಚಿದ ರಂಗಭೂಮಿಯ ಬಲ ಅದರ ಆಪ್ತತೆ. ದೌರ್ಬಲ್ಯ, ಅದು ಒಬ್ಬೊಬ್ಬರ ಹೆಗಲ ಮೇಲೇ ನಿಂತಿರುವುದು. ಶಿವರಾಮ ಕಾರಂತರು ಊರು ಬಿಟ್ಟ ಮೇಲೆ ಬಾಲವನಕ್ಕೆ ಆದದ್ದು ಕಣ್ಣ ಮುಂದಿದೆ. ದುರಸ್ತಿಯಾದ ನಾಟ್ಯಶಾಲೆ ಜನ್ಮದಿನಕ್ಕೆ ಮಾತ್ರ ಬಾಗಿಲು ತೆರೆದರೆ ಸಾಲದು. ಮೂರು ತಾಲೂಕಿನ ಶಾಲೆಗಳಿಗೆ ಸರದಿ ಹಾಕಿ, ತಿಂಗಳಿಗೊಂದು ಮಕ್ಕಳ ನಾಟಕ ಅಲ್ಲಿ ನಡೆಯುವಂತೆ ಮಾಡುವುದು ಶಿಕ್ಷಣ ಇಲಾಖೆಗೂ ಸಂಸ್ಕೃತಿ ಇಲಾಖೆಗೂ ದೊಡ್ಡ ಖರ್ಚಿನ ಕೆಲಸವಲ್ಲ.

ನೋಡಲು ಬರುವವರಿಗೆ ಒಂದು ಮಾತು. ಏಪ್ರಿಲ್ 10ಕ್ಕೆ ಕೊಡಿ ಏರಿ 17ಕ್ಕೆ ಬ್ರಹ್ಮರಥ ನಡೆಯುವ ಪುತ್ತೂರು ಮಹಾಲಿಂಗೇಶ್ವರ ಜಾತ್ರೆಯ ಹೊತ್ತು, ಬೇಸಗೆ ರಜೆಯ ಚಿಣ್ಣರ ಮೇಳ, ಮಳೆಗಾಲದ ಕೂಟಗಳು, ಅಕ್ಟೋಬರ್ 10ರ ಬಾಲವನ, ಚಂಪಾಷಷ್ಠಿಯ ಸುಬ್ರಹ್ಮಣ್ಯ: ವರ್ಷದ ಯಾವ ಕಾಲದಲ್ಲಿ ಬಂದರೂ ಏನಾದರೊಂದು ನಡೆಯುತ್ತಿರುತ್ತದೆ. ಬರುವಾಗ ಮನೆಯ ಮಕ್ಕಳನ್ನೂ ಕರೆದುಕೊಂಡು ಬನ್ನಿ, ಮುಂದಿನ ಸಾಲಿನಲ್ಲಿ ಕೂರಿಸಿ.